ಹಳೇ ಆಟೊಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್: ಕಂಪನಿ ಟೂಲ್ ಇಲ್ಲದೆ ಏನು ಸರಿಮಾಡಬಹುದು, ಎಲ್ಲಿ ಕೈ ಬಿಡಬೇಕು

ಬೆಂಗಳೂರು ಪಶ್ಚಿಮ: ಲಿವರ್ ಡ್ರೈವ್‌ಗೆ ಹಾಕಿದರೆ ಗಾಡಿ ಎರಡು ಮೂರು ಸೆಕೆಂಡ್ ಸುಮ್ಮನೆ ನಿಲ್ಲುತ್ತೆ. ಆಮೇಲೆ ಧಡ್ ಅಂತ ಜರ್ಕ್ ಹೊಡೆದು ಹೊರಡುತ್ತೆ. ಗ್ಯಾರೇಜಿಗೆ ಒಯ್ದರೆ ಒಂದೇ ಮಾತು: ‘ಗೇರ್‌ಬಾಕ್ಸ್ ಹೋಗಿದೆ, ಪಾರ್ಟ್ ಸಿಗಲ್ಲ.’ ಅಪ್ಪನೋ ತಾತನೋ ಇಟ್ಟುಕೊಂಡಿದ್ದ ಕಾರು ಅಲ್ಲಿಂದ ಶೆಡ್ಡಿಗೆ, ಶೆಡ್ಡಿನಿಂದ ಗುಜರಿಗೆ ಹೋಗುವುದು ಹೀಗೆ. ಆದರೆ ಬಿಚ್ಚಿ ನೋಡುವ ಮೊದಲೇ ಹೇಳುವ ಈ ಮಾತು ಎಲ್ಲಾ ಸಲ ನಿಜ ಅಲ್ಲ. ಆಯಿಲ್ ಕಡಿಮೆ ಇರಬಹುದು, ಒಂದು ರಾಡ್ ಜರುಗಿರಬಹುದು, ಒಂದು ರಬ್ಬರ್ ಪೈಪ್ ಸೀಳಿರಬಹುದು, ಒಂದು ಸ್ಕ್ರೂ ಬಿಗಿ ಮಾಡಿದರೆ ಮುಗಿಯುವ ಕೆಲಸವೂ ಇರಬಹುದು.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಸುತ್ತ ಹಳೇ ಕಾರು ಇಟ್ಟುಕೊಂಡವರಿಗೂ, ಆ ಗಾಡಿಗಳನ್ನು ಮುಟ್ಟಲು ಹೆದರುವ ಸಣ್ಣ ಗ್ಯಾರೇಜಿನವರಿಗೂ ಉಪಯೋಗ ಆಗಲಿ ಅಂತ ಇಲ್ಲಿ ಹಂತ ಹಂತವಾಗಿ ವಿವರ ಕೊಡಲಾಗಿದೆ. ಕಂಪನಿಯ ವಿಶೇಷ ಟೂಲ್ ಇಲ್ಲದಿದ್ದರೆ ಅದರ ಬದಲಿಗೆ ಏನು ಬಳಸಬಹುದು ಅನ್ನೋದೂ ಇದೆ.

ಯಾವ ಕಾರುಗಳಿಗೆ ಇದು ಅನ್ವಯ?

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್ ಕಾಲದಲ್ಲಿ ನಮ್ಮ ರಸ್ತೆಯ ಕಾರು ಅಂದರೆ ಕ್ಲಚ್ ತುಳಿದು ಗೇರ್ ಹಾಕುವ ಕಾರೇ. ಆಟೊಮ್ಯಾಟಿಕ್ ಬಂದದ್ದು ಹೊರದೇಶದ ಗಾಡಿಗಳ ಜೊತೆ. ಅಮೆರಿಕದಲ್ಲಿ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿಗೆ ‘ಹೈಡ್ರಾ-ಮ್ಯಾಟಿಕ್’ ಬಂತು. 1950ರಲ್ಲಿ ಷೆವ್ರೊಲೆಗೆ ‘ಪವರ್‌ಗ್ಲೈಡ್’, 1951ರ ಫೋರ್ಡ್‌ಗೆ ‘ಫೋರ್ಡ್-ಒ-ಮ್ಯಾಟಿಕ್’, 1956ರಲ್ಲಿ ಕ್ರೈಸ್ಲರ್‌ಗೆ ‘ಟಾರ್ಕ್‌ಫ್ಲೈಟ್’ ಬಂತು. ಇಂಗ್ಲೆಂಡಿನ ಅನೇಕ ಕಾರುಗಳಿಗೆ ಬೋರ್ಗ್ ವಾರ್ನರ್ 35 ಅನ್ನುವ ಗೇರ್‌ಬಾಕ್ಸ್ ಹಾಕುತ್ತಿದ್ದರು. 1976ರಿಂದ ತಯಾರಾದ ಮರ್ಸಿಡಿಸ್ ಡಬ್ಲ್ಯು 123 ಸರಣಿಯಲ್ಲೂ ಆಟೊಮ್ಯಾಟಿಕ್ ಮಾದರಿ ಇತ್ತು.

ಇವುಗಳ ಯಾವುದರಲ್ಲೂ ಗೇರ್ ಬದಲಿಸಲು ಕಂಪ್ಯೂಟರ್ ಇಲ್ಲ. ಎಲ್ಲಾ ಆಯಿಲ್ ಪ್ರೆಶರ್, ರಾಡು, ಕೇಬಲ್, ವ್ಯಾಕ್ಯೂಮ್ ಮೇಲೆ ನಡೆಯುತ್ತೆ. ಅದಕ್ಕೇ ಕೈಯಲ್ಲಿ ಅಡ್ಜಸ್ಟ್ ಮಾಡಲು ಸಾಧ್ಯ. ಇಸಿಯು ಇರುವ ಈಚಿನ ಗಾಡಿಗಳಿಗೆ ಇಲ್ಲಿ ಹೇಳಿದ್ದು ಹೊಂದಲ್ಲ.

ಇನ್ನೊಂದು ಮಾತು. ನಿಮ್ಮ ಕಾರಿನ ಮಾದರಿ ಮತ್ತು ಇಸವಿಗೆ ಸೇರಿದ ರಿಪೇರಿ ಪುಸ್ತಕ ಕೈಯಲ್ಲಿರಬೇಕು. ಟೂಲ್ ಇಲ್ಲದೆ ಕೆಲಸ ನಡೆಯುತ್ತೆ, ಅಳತೆ ಇಲ್ಲದೆ ನಡೆಯಲ್ಲ.

ಗಾಡಿ ಕೆಳಗೆ ಹೋಗುವ ಮೊದಲು

ಜಾಕ್ ಒಂದರ ಮೇಲೆ ನಿಂತ ಗಾಡಿ ಕೆಳಗೆ ಯಾರೂ ಮಲಗಬಾರದು. ಹಾಲೋ ಬ್ಲಾಕ್, ಇಟ್ಟಿಗೆ ಜೋಡಿಸಿ ನಿಲ್ಲಿಸುವುದು ಇನ್ನೂ ಅಪಾಯ. ಸಿಮೆಂಟ್ ಬ್ಲಾಕ್ ಬಿರುಕು ಬಿಡೋದು ಮೊದಲೇ ಗೊತ್ತಾಗಲ್ಲ, ಒಂದೇ ಸಲ ಪುಡಿಯಾಗುತ್ತೆ. ಇಂಪಾಲಾದಂಥ ಗಾಡಿಯ ತೂಕ ಒಂದೂವರೆ ಟನ್ ಮೇಲೆ ಅನ್ನೋದು ನೆನಪಿರಲಿ. ಸರಿಯಾದ ಜಾಕ್ ಸ್ಟ್ಯಾಂಡ್ ನಾಲ್ಕು ಬೇಕು, ನೆಲ ಸಮ ಇರಬೇಕು, ಕಾಂಕ್ರೀಟ್ ಆಗಿದ್ದರೆ ಒಳ್ಳೇದು. ನೆಲದ ಮೇಲಿರುವ ಚಕ್ರಕ್ಕೆ ಎರಡೂ ಕಡೆ ಮರದ ಕಟ್ಟೆ ಕೊಡಬೇಕು.

ಲಿವರ್ ‘ಪಿ’ಯಲ್ಲಿದೆ ಅಂತ ನಂಬಿ ಹ್ಯಾಂಡ್ ಬ್ರೇಕ್ ಬಿಡಬೇಡಿ. ಪಾರ್ಕಿಂಗ್‌ನಲ್ಲಿ ಗಾಡಿ ಹಿಡಿಯೋದು ಒಳಗಿನ ಒಂದು ಸಣ್ಣ ಕೊಕ್ಕೆ ಮಾತ್ರ. ರಾಡ್ ಜರುಗಿದ್ದರೆ ಲಿವರ್ ‘ಪಿ’ ತೋರಿಸುತ್ತಿದ್ದರೂ ಕೊಕ್ಕೆ ಕೂತಿರಲ್ಲ.

ಎಂಜಿನ್ ಓಡುತ್ತಿರುವಾಗ ಗಾಡಿ ಕೆಳಗೆ ಕೈ ಹಾಕುವ ಕೆಲಸ ಈ ಲೇಖನದಲ್ಲಿ ಒಂದೂ ಇಲ್ಲ.

ಬೇಕಾಗುವ ಸಾಮಾನು

* ಇಂಚಿನ ಅಳತೆಯ ಪಾನಾ ಸೆಟ್ (ಅಮೆರಿಕ, ಇಂಗ್ಲೆಂಡ್ ಗಾಡಿಗೆ). ಮರ್ಸಿಡಿಸ್‌ಗೆ ಮಿಲಿಮೀಟರ್ ಪಾನಾ.
* ಲಗೇಜ್ ತೂಗುವ ಕೊಕ್ಕೆಯ ತಕ್ಕಡಿ. ಇದೇ ಟಾರ್ಕ್ ರೆಂಚ್ ಬದಲಿಗೆ ಬರುತ್ತೆ.
* ಡ್ರಿಲ್ ಬಿಟ್‌ಗಳು. ಕಂಪನಿಯ ಗೇಜ್ ಪಿನ್ ಬದಲಿಗೆ.
* ಮೆಡಿಕಲ್ ಶಾಪಿನ 50 ಮಿ.ಲೀ. ಸಿರಿಂಜ್, ಅದಕ್ಕೆ ಕೂರುವ ರಬ್ಬರ್ ಪೈಪ್ ಒಂದು ಅಡಿ. ವ್ಯಾಕ್ಯೂಮ್ ಪಂಪ್ ಬದಲಿಗೆ.
* ಗುರುತು ಹಾಕಲು ವೈಟ್ನರ್, ಒಂದು ನೋಟ್‌ಬುಕ್, ಪೆನ್ನು.
* ತೊಳೆದು ಸವೆದ ಹತ್ತಿ ಪಂಚೆ. ಗ್ಯಾರೇಜಿನ ನೂಲಿನ ಕಾಟನ್ ವೇಸ್ಟ್ ಬೇಡ. ಅದರ ಎಳೆ ಒಳಗೆ ಸೇರಿದರೆ ವಾಲ್ವ್ ಕಚ್ಚಿಕೊಳ್ಳುತ್ತೆ.

ಒಂದು ಸಲಕ್ಕೆ ಒಂದೇ ಅಡ್ಜಸ್ಟ್‌ಮೆಂಟ್. ಮುಟ್ಟುವ ಮೊದಲು ಹೇಗಿತ್ತು, ಎಷ್ಟು ಸುತ್ತು ತಿರುಗಿಸಿದಿರಿ ಅಂತ ಬರೆದಿಡಿ. ಮೂರು ಕಡೆ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಸರಿಹೋಯ್ತು, ಯಾವುದರಿಂದ ಕೆಟ್ಟಿತು ಗೊತ್ತಾಗಲ್ಲ.

ಹಂತ 1: ಆಯಿಲ್ ನೋಡಿ, ಮೂಸಿ

ಎಂಜಿನ್ ಆಯಿಲ್ ನೋಡಿದ ಹಾಗೆ ಇದನ್ನು ನೋಡುವಂತಿಲ್ಲ. ಮೊದಲು ಗಾಡಿಯನ್ನು ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಬಿಸಿ ಮಾಡಿ. ಸಮನೆಲದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಹಾಕಿ, ಕಾಲು ಬ್ರೇಕ್ ಮೇಲಿಟ್ಟು ಲಿವರನ್ನು ಎಲ್ಲಾ ಗೇರಿಗೂ ಒಂದೊಂದು ಸಲ ತನ್ನಿ. ಆಮೇಲೆ ಪುಸ್ತಕ ಹೇಳಿದ ಕಡೆ, ಅಂದರೆ ಕೆಲವಕ್ಕೆ ಪಾರ್ಕ್, ಕೆಲವಕ್ಕೆ ನ್ಯೂಟ್ರಲ್, ಅಲ್ಲಿಟ್ಟು ಎಂಜಿನ್ ಓಡುತ್ತಿರುವಾಗಲೇ ಬಾನೆಟ್ ಎತ್ತಿ ಡಿಪ್‌ಸ್ಟಿಕ್ ತೆಗೆಯಿರಿ. ಫ್ಯಾನ್ ಬೆಲ್ಟ್ ಕಡೆ ತೋಳು, ಟವೆಲ್ ಹೋಗದಂತೆ ಎಚ್ಚರ.

ಪವರ್‌ಗ್ಲೈಡ್‌ನಲ್ಲಿ ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಸುಮಾರು ಅರ್ಧ ಲೀಟರ್ ಮಾತ್ರ. ಮರ್ಸಿಡಿಸ್‌ನಲ್ಲಿ ಅದಕ್ಕಿಂತಲೂ ಕಡಿಮೆ. ಅದಕ್ಕೇ ಒಂದು ಲೀಟರ್ ಡಬ್ಬ ಪೂರ್ತಿ ಸುರಿಯಬೇಡಿ. ಟೀ ಲೋಟದಷ್ಟು ಹಾಕಿ, ಮತ್ತೆ ನೋಡಿ. ಹೆಚ್ಚಾದರೂ ತೊಂದರೆಯೇ: ಒಳಗೆ ತಿರುಗುವ ಭಾಗ ಆಯಿಲನ್ನು ಕಡೆದು ನೊರೆ ಮಾಡುತ್ತೆ, ನೊರೆಗೆ ಪ್ರೆಶರ್ ಬರಲ್ಲ, ಗೇರ್ ಜಾರುತ್ತೆ.

ಡಿಪ್‌ಸ್ಟಿಕ್ಕಿನ ಒಂದು ಹನಿಯನ್ನು ಬಿಳಿ ಟಿಶ್ಯೂ ಮೇಲೆ ಹಾಕಿ ನೋಡಿ.

* ಕೆಂಪಗಿದ್ದು ಹರಡಿದರೆ: ಆಯಿಲ್ ಚೆನ್ನಾಗಿದೆ.
* ಕಂದು ಬಣ್ಣ, ಸೀದ ವಾಸನೆ, ಮಧ್ಯೆ ಕಪ್ಪು ಪುಡಿ: ಒಳಗಿನ ಕ್ಲಚ್ ಪ್ಲೇಟ್ ಅಥವಾ ಬ್ಯಾಂಡ್ ಸುಟ್ಟಿದೆ. ಅಡ್ಜಸ್ಟ್‌ಮೆಂಟ್‌ನಿಂದ ಸರಿಹೋಗಲ್ಲ.
* ಸ್ಟ್ರಾಬೆರಿ ಮಿಲ್ಕ್‌ಶೇಕ್ ತರಹ ಗುಲಾಬಿ: ನೀರು ಸೇರಿದೆ. ಆಯಿಲ್ ತಂಪು ಮಾಡುವ ಪೈಪ್ ರೇಡಿಯೇಟರ್ ಒಳಗೇ ಇರುವ ಗಾಡಿಗಳಲ್ಲಿ ಅದು ತೂತಾದರೆ ಹೀಗಾಗುತ್ತೆ. ಗಾಡಿ ಸ್ಟಾರ್ಟ್ ಮಾಡಲೇಬೇಡಿ.

ಹಾಕಬೇಕಾದ್ದು ಎಟಿಎಫ್ ಮಾತ್ರ. ಪವರ್‌ಗ್ಲೈಡ್‌ಗೆ ಆಗ ‘ಟೈಪ್ ಎ’ ಹಾಕುತ್ತಿದ್ದರು, ಈಗ ಅದರ ಜಾಗದಲ್ಲಿ ಡೆಕ್ಸ್‌ರಾನ್-3 ಮಟ್ಟದ್ದು ನಡೆಯುತ್ತೆ. ಹಳೇ ಫೋರ್ಡ್‌ಗಳಿಗೆ ‘ಟೈಪ್ ಎಫ್’ ಅನ್ನೋ ಬೇರೆ ಜಾತಿ ಬೇಕು. ಕೆಂಪಗಿದೆ ಅಂತ ಎಲ್ಲಾ ಒಂದೇ ಅಲ್ಲ.

ಹಂತ 2: ಎಂಜಿನ್ ಐಡ್ಲಿಂಗ್

ಗೇರ್ ಹಾಕಿದ ಕೂಡಲೇ ಧಡ್ ಅನ್ನುವ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಐಡ್ಲಿಂಗ್. ಕಾರ್ಬೊರೇಟರ್ ಸ್ಕ್ರೂ ಜಾಸ್ತಿ ತಿರುಗಿಸಿ ಐಡ್ಲಿಂಗ್ ಏರಿಸಿಟ್ಟಿದ್ದರೆ ಯಾವ ಆಟೊಮ್ಯಾಟಿಕ್ ಆದರೂ ಜರ್ಕ್ ಹೊಡೆಯುತ್ತೆ. ಬೆಳಗ್ಗೆ ಚೋಕ್ ಇರುವಾಗ ಮಾತ್ರ ಜರ್ಕ್, ಬಿಸಿಯಾದ ಮೇಲೆ ಇಲ್ಲ ಅಂದರೆ ಗೇರ್‌ಬಾಕ್ಸ್ ದೋಷ ಅಲ್ಲ. ಪ್ಲಗ್, ಪಾಯಿಂಟ್, ಟೈಮಿಂಗ್ ಸರಿಮಾಡಿ, ಐಡ್ಲಿಂಗನ್ನು ಪುಸ್ತಕದ ಲೆಕ್ಕಕ್ಕೆ ತಂದ ಮೇಲೇ ಮುಂದಿನ ಹಂತ.

ಹಂತ 3: ಲಿವರ್ ರಾಡ್

ಸ್ಟೀರಿಂಗ್ ಪಕ್ಕದ ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಒಂದು ರಾಡ್ ಹೋಗುತ್ತೆ. ಅದರ ತುದಿಯ ರಬ್ಬರ್, ಪ್ಲಾಸ್ಟಿಕ್ ಬುಷ್ 40–50 ವರ್ಷದಲ್ಲಿ ಪುಡಿಯಾಗಿರುತ್ತೆ. ಆಗ ಲಿವರ್ ‘ಡಿ’ ತೋರಿಸಿದರೂ ಒಳಗಿನ ವಾಲ್ವ್ ಅರ್ಧಂಬರ್ಧ ತೆರೆದಿರುತ್ತೆ. ಕ್ಲಚ್‌ಗೆ ಪೂರ್ತಿ ಪ್ರೆಶರ್ ಸಿಗದೆ ಜಾರಿ ಜಾರಿ ಸುಡುತ್ತೆ. ಹತ್ತಿಪ್ಪತ್ತು ರೂಪಾಯಿ ಬುಷ್‌ಗಾಗಿ ಗೇರ್‌ಬಾಕ್ಸೇ ಹೋಗಬಹುದಾದ ಜಾಗ ಇದು.

ಎಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಟ್ಟೆ ಕೊಟ್ಟು, ರಾಡನ್ನು ಗೇರ್‌ಬಾಕ್ಸ್ ಕಡೆ ಬಿಡಿಸಿ. ಗೇರ್‌ಬಾಕ್ಸ್ ಮೇಲಿನ ಪಟ್ಟಿಯನ್ನು ಕೈಯಲ್ಲಿ ಸರಿಸಿದರೆ ‘ಟಕ್ ಟಕ್’ ಅಂತ ಒಂದೊಂದು ಕಡೆ ಕೂರುತ್ತೆ. ಪಿ-ಆರ್-ಎನ್-ಡಿ-ಎಲ್ ಕ್ರಮದ ಗಾಡಿಯಲ್ಲಿ ‘ಪಿ’ ಕೊನೆಯಿಂದ ಎರಡನೇ ಟಕ್ ‘ಎನ್’, ಮೂರನೇದು ‘ಡಿ’. ಪುಸ್ತಕ ಹೇಳಿದ ಜಾಗದಲ್ಲಿ ಅದನ್ನು ಕೂರಿಸಿ, ಒಳಗೆ ಲಿವರನ್ನೂ ಅದೇ ಅಕ್ಷರಕ್ಕೆ ಇಡಿ. ರಾಡ್ ಎಳೆಯದೆ, ತಳ್ಳದೆ ತಾನಾಗಿ ತೂತಿಗೆ ಕೂರಬೇಕು. ಕೂರದಿದ್ದರೆ ರಾಡಿನ ಉದ್ದ ಅಡ್ಜಸ್ಟ್ ಮಾಡಿ. ಬುಷ್ ಸಿಗದಿದ್ದರೆ ಕಾಮಾಕ್ಷಿಪಾಳ್ಯ, ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್ ಕಡೆಯ ಲೇತ್ ಅಂಗಡಿಯಲ್ಲಿ ನೈಲಾನ್ ರಾಡ್‌ನಿಂದ ಕಡೆಸಬಹುದು. ಹಳೇ ಬುಷ್ ಚೂರನ್ನು ಬಿಸಾಡದೆ ಅಳತೆಗೆ ಒಯ್ಯಿರಿ.

ಗಮನಿಸಿ: 1957ರವರೆಗಿನ ಪವರ್‌ಗ್ಲೈಡ್ ಷೆವ್ರೊಲೆಗಳಲ್ಲಿ ಕ್ರಮ ಪಿ-ಎನ್-ಡಿ-ಎಲ್-ಆರ್. ರಿವರ್ಸ್ ಕೊನೆಯಲ್ಲಿ, ‘ಎಲ್’ ಪಕ್ಕದಲ್ಲೇ ಇರುತ್ತೆ. ಇಂದಿನ ಆಟೊಮ್ಯಾಟಿಕ್ ಓಡಿಸಿ ಅಭ್ಯಾಸ ಆದವರು ಕೈ ಲೆಕ್ಕದಲ್ಲಿ ಲಿವರ್ ಎಳೆದರೆ ಗಾಡಿ ಅಂದುಕೊಂಡ ಕಡೆ ಹೋಗಲ್ಲ. ಮನೆ ಗೇಟಿನ ಮುಂದೆ ಮಕ್ಕಳು ಆಡುವ ಕ್ರಾಸ್‌ಗಳಲ್ಲಿ ಇದು ತಮಾಷೆ ಅಲ್ಲ.

ಹಂತ 4: ನ್ಯೂಟ್ರಲ್ ಸ್ವಿಚ್

ಗಾಡಿ ‘ಪಿ’ ಮತ್ತು ‘ಎನ್’ನಲ್ಲಿ ಮಾತ್ರ ಸ್ಟಾರ್ಟ್ ಆಗಬೇಕು. ಹಳೇ ಗಾಡಿಗಳಲ್ಲಿ ಸ್ವಿಚ್ ಕೆಟ್ಟಾಗ ಎರಡು ವೈರ್ ಸೇರಿಸಿ ಸುತ್ತಿ ಬಿಟ್ಟಿರುತ್ತಾರೆ. ಆಗ ‘ಡಿ’ಯಲ್ಲೇ ಸ್ಟಾರ್ಟ್ ಆಗಿ ಗಾಡಿ ನುಗ್ಗುತ್ತೆ.

ಪರೀಕ್ಷೆ ಹೀಗೆ: ಗಾಡಿ ಮುಂದೆ, ಹಿಂದೆ ಯಾರೂ ಇರಬಾರದು. ಚಕ್ರಕ್ಕೆ ಕಟ್ಟೆ, ಹ್ಯಾಂಡ್ ಬ್ರೇಕ್, ಕಾಲು ಬ್ರೇಕ್ ಮೇಲೆ. ಪೆಟ್ರೋಲ್ ಗಾಡಿಯಾದರೆ ಇಗ್ನಿಷನ್ ಕಾಯಿಲ್‌ಗೆ ಹೋಗುವ ಸಣ್ಣ ವೈರ್ ಬಿಡಿಸಿ, ಎಂಜಿನ್ ಹತ್ತಿಕೊಳ್ಳಲ್ಲ. ಈಗ ಒಂದೊಂದು ಗೇರಿನಲ್ಲಿ ಕೀ ತಿರುಗಿಸಿ. ಸೆಲ್ಫ್ ‘ಪಿ’, ‘ಎನ್’ ಬಿಟ್ಟು ಬೇರೆ ಕಡೆ ತಿರುಗಿದರೆ ಸ್ವಿಚ್ ಸಡಿಲಿಸಿ ಸರಿಸಬೇಕು.

ಫೋರ್ಡ್ ಸಿ-4 ಗೇರ್‌ಬಾಕ್ಸ್‌ನಲ್ಲಿ ಲಿವರ್ ನ್ಯೂಟ್ರಲ್‌ಗೆ ಇಟ್ಟು ಸ್ವಿಚ್ಚಿನ ತೂತಿಗೆ ಗೇಜ್ ಪಿನ್ ತೂರಿಸಿ ಬಿಗಿ ಮಾಡುವ ಪದ್ಧತಿ. ಆ ಪಿನ್ 43ನೇ ನಂಬರ್ ಡ್ರಿಲ್ ಬಿಟ್ಟಿನ ದಪ್ಪ, ಅಂದರೆ 2.26 ಮಿ.ಮೀ. ಹಾರ್ಡ್‌ವೇರ್ ಅಂಗಡಿಯ 2.25 ಮಿ.ಮೀ. ಬಿಟ್ಟಿನ ನುಣುಪಾದ ಹಿಡಿ ಭಾಗ ಸಾಕು. ಬಿಗಿ ಮಾಡಿ ಬಿಟ್ ತೆಗೆದು ಮತ್ತೆ ಪರೀಕ್ಷೆ ಮಾಡಿ. ವೈರ್ ಸೇರಿಸಿ ಸುತ್ತಿಟ್ಟ ಗಾಡಿಯನ್ನು ಹಾಗೇ ಬಿಡಬೇಡಿ.

ಹಂತ 5: ಆಕ್ಸಿಲರೇಟರ್ ಜೊತೆಗಿನ ರಾಡ್ ಅಥವಾ ಕೇಬಲ್

ಆಕ್ಸಿಲರೇಟರ್ ಎಷ್ಟು ಒತ್ತಿದ್ದೀರಿ ಅನ್ನೋದು ಗೇರ್‌ಬಾಕ್ಸ್‌ಗೆ ಗೊತ್ತಾಗೋದು ಒಂದು ರಾಡ್ ಅಥವಾ ಕೇಬಲ್ ಮೂಲಕ. ಟಾರ್ಕ್‌ಫ್ಲೈಟ್‌ನಲ್ಲಿ ಇದು ಬಹಳ ಮುಖ್ಯ. ಕಾರ್ಬೊರೇಟರ್ ಬದಲಿಸುವಾಗ ಈ ರಾಡನ್ನು ಬಿಚ್ಚಿ ಮೂಲೆಗಿಟ್ಟು ಗಾಡಿ ಓಡಿಸಿದರೆ ಪ್ರೆಶರ್ ಕಡಿಮೆಯೇ ಉಳಿಯುತ್ತೆ, ಲೋಡ್ ಬಿದ್ದಾಗ ಕ್ಲಚ್ ಜಾರಿ ಸುಡುತ್ತೆ.

ಎಂಜಿನ್ ಆಫ್ ಇರುವಾಗ ಒಬ್ಬರು ಪೆಡಲ್ ನೆಲಕ್ಕೆ ಒತ್ತಲಿ, ಇನ್ನೊಬ್ಬರು ಬಾನೆಟ್ ಒಳಗೆ ನೋಡಲಿ. ಕಾರ್ಬೊರೇಟರ್ ಬಾಗಿಲು ಪೂರ್ತಿ ತೆರೆಯಬೇಕು, ಅದೇ ಹೊತ್ತಿಗೆ ಗೇರ್‌ಬಾಕ್ಸ್ ಕಡೆಯ ರಾಡೂ ತನ್ನ ಕೊನೆ ಮುಟ್ಟಬೇಕು. ಪೆಡಲ್ ಬಿಟ್ಟರೆ ಎರಡೂ ಪೂರ್ತಿ ಹಿಂದೆ ಬರಬೇಕು. ಪಿಕಪ್ ಇಲ್ಲ, ಓವರ್‌ಟೇಕ್‌ಗೆ ಗೇರ್ ಇಳಿಯಲ್ಲ ಅನ್ನುವ ಗಾಡಿಯಲ್ಲಿ ಮೊದಲು ನೆಲದ ಮ್ಯಾಟ್ ತೆಗೆದು ನೋಡಿ. ಈಗ ಸಿಗುವ ದಪ್ಪ ಮ್ಯಾಟ್ ಹಾಕಿದರೆ ಪೆಡಲ್ ಕೊನೆಯವರೆಗೆ ಹೋಗೋದೇ ಇಲ್ಲ.

ಹಂತ 6: ವ್ಯಾಕ್ಯೂಮ್, ಮತ್ತು ಬೆಂಗಳೂರಿನ ಎತ್ತರ

ಫೋರ್ಡ್ ಸಿ-4, ಮರ್ಸಿಡಿಸ್, ನಂತರದ ಪವರ್‌ಗ್ಲೈಡ್‌ಗಳಲ್ಲಿ ‘ಮಾಡ್ಯುಲೇಟರ್’ ಅನ್ನುವ ತಗಡಿನ ಡಬ್ಬಿ ಇರುತ್ತೆ. ಎಂಜಿನ್ ವ್ಯಾಕ್ಯೂಮ್ ಒಂದು ಪೈಪ್‌ನಲ್ಲಿ ಅದಕ್ಕೆ ಬರುತ್ತೆ. ಪೈಪ್ ಸೀಳಿದರೆ ಗೇರ್‌ಬಾಕ್ಸ್ ‘ಫುಲ್ ಲೋಡ್ ಇದೆ’ ಅಂದುಕೊಂಡು ಪ್ರತಿ ಗೇರನ್ನೂ ಒದ್ದ ಹಾಗೆ ಬದಲಿಸುತ್ತೆ.

ಆ ಪೈಪನ್ನು ಮಾಡ್ಯುಲೇಟರ್ ಕಡೆ ಬಿಚ್ಚಿ ನೋಡಿ. ಒಳಗೆ ಕೆಂಪು ಆಯಿಲ್ ಇದ್ದರೆ ಡಬ್ಬಿಯೊಳಗಿನ ಪೊರೆ ಹರಿದಿದೆ, ಎಂಜಿನ್ ಆ ಆಯಿಲನ್ನು ಎಳೆದು ಸುಡುತ್ತಿದೆ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ, ಎಲ್ಲೂ ಸೋರದೆ ಆಯಿಲ್ ಕಡಿಮೆಯಾಗೋದು, ಎರಡಕ್ಕೂ ಇದೇ ಕಾರಣ ಇರಬಹುದು. ಡಬ್ಬಿ ಬದಲಿಸಬೇಕು. ಆಯಿಲ್ ಇಲ್ಲದಿದ್ದರೆ ಸಿರಿಂಜನ್ನು ಡಬ್ಬಿಗೆ ಜೋಡಿಸಿ ಹಿಡಿ ಎಳೆದು ಒಂದು ನಿಮಿಷ ಹಿಡಿಯಿರಿ. ಬಿಟ್ಟಾಗ ಹಿಡಿ ತಾನೇ ಒಳಗೆ ಹೋದರೆ ಪೊರೆ ಗಟ್ಟಿ. ಎಳೆದಲ್ಲೇ ನಿಂತರೆ ಗಾಳಿ ನುಗ್ಗಿದೆ ಅಂತ ಅರ್ಥ.

ವ್ಯಾಕ್ಯೂಮ್ ಗೇಜ್ ಹಾಕಿ ನೋಡುವವರಿಗೆ ಒಂದು ಮಾತು. ಪುಸ್ತಕಗಳು ಸಾಮಾನ್ಯವಾಗಿ ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚು ಅಂತ ಹೇಳುತ್ತವೆ. ಅದು ಸಮುದ್ರ ಮಟ್ಟದ ಲೆಕ್ಕ. ಬೆಂಗಳೂರು ಸುಮಾರು 920 ಮೀಟರ್, ಅಂದರೆ 3,000 ಅಡಿ ಎತ್ತರದಲ್ಲಿದೆ. ಸಾವಿರ ಅಡಿಗೆ ಸುಮಾರು ಒಂದು ಇಂಚಿನಂತೆ ಇಲ್ಲಿ ಮೂರು ಇಂಚು ಕಡಿಮೆ ತೋರಿಸುತ್ತೆ. ಹಾಗಾಗಿ ಇಲ್ಲಿ 14–18 ಇಂಚು ಬಂದರೆ ಎಂಜಿನ್ ಸರಿಯಾಗೇ ಇದೆ. ಇಲ್ಲದ ಲೀಕ್ ಹುಡುಕಿ ಎಂಜಿನ್ ಬಿಚ್ಚಬೇಡಿ.

ಡೀಸೆಲ್ ಮರ್ಸಿಡಿಸ್ 123ರಲ್ಲಿ ವ್ಯಾಕ್ಯೂಮ್ ಬೇರೆ ಪಂಪ್‌ನಿಂದ ಬರುತ್ತೆ. ಎಂಜಿನ್ ಆಫ್ ಆಗೋದೂ, ಬಾಗಿಲಿನ ಸೆಂಟ್ರಲ್ ಲಾಕೂ ಅದೇ ವ್ಯಾಕ್ಯೂಮ್ ಮೇಲೆ. ಹಿಂದಿನ ಬಾಗಿಲ ಲಾಕ್ ಪೊರೆ ಹರಿದಿದ್ದಕ್ಕೆ ಗೇರ್ ಜರ್ಕ್ ಹೊಡೆಯಬಹುದು, ಕೀ ತೆಗೆದ ಮೇಲೂ ಎಂಜಿನ್ ಓಡುತ್ತಿರಬಹುದು. ಈ ಎರಡೂ ಒಟ್ಟಿಗೆ ಇದ್ದರೆ ಗೇರ್‌ಬಾಕ್ಸ್ ಮುಟ್ಟುವ ಮೊದಲು ಪೈಪ್‌ಗಳನ್ನು ಒಂದೊಂದಾಗಿ ಮುಚ್ಚಿ ನೋಡಿ. ಆಮೇಲೂ ಜರ್ಕ್ ಉಳಿದರೆ ಮಾತ್ರ ಮಾಡ್ಯುಲೇಟರ್ ಸ್ಕ್ರೂ. ಅದೂ ಒಂದು ಸಲಕ್ಕೆ ಅರ್ಧ ಸುತ್ತು, ನೋಟ್‌ಬುಕ್ಕಿನಲ್ಲಿ ಬರೆದು.

ಹಂತ 7: ಬ್ಯಾಂಡ್ ಬಿಗಿ ಮಾಡುವುದು

ಬ್ಯಾಂಡ್ ಅಂದರೆ ತಿರುಗುವ ಡ್ರಮ್ ಸುತ್ತ ಇರುವ ಉಕ್ಕಿನ ಪಟ್ಟಿ. ಬಿಗಿಯಾದಾಗ ಡ್ರಮ್ ನಿಲ್ಲುತ್ತೆ, ಗೇರ್ ಬೀಳುತ್ತೆ. ಪಟ್ಟಿಯ ಒಳಪದರ ಸವೆದಂತೆ ಸಡಿಲ ಆಗುತ್ತೆ. ಗೇರ್ ಬದಲಾಗುವಾಗ ಎಂಜಿನ್ ಒಂದು ಕ್ಷಣ ಸುಮ್ಮನೆ ಕೂಗೋದು ಅದಕ್ಕೇ. ಪದ್ಧತಿ ಒಂದೇ: ಲಾಕ್ ನಟ್ ಸಡಿಲಿಸಿ, ಸ್ಕ್ರೂ ಹೇಳಿದಷ್ಟು ಬಲಕ್ಕೆ ಬಿಗಿ ಮಾಡಿ, ಹೇಳಿದಷ್ಟು ಸುತ್ತು ಹಿಂದೆ ಬಿಟ್ಟು, ಸ್ಕ್ರೂ ಅಲುಗದಂತೆ ಹಿಡಿದು ಲಾಕ್ ನಟ್ ಬಿಗಿ ಮಾಡುವುದು.

ಬಲ ಅಳೆಯಲು ಸಣ್ಣ ಟಾರ್ಕ್ ರೆಂಚ್ ಇಲ್ಲದಿದ್ದರೆ ಲಗೇಜ್ ತಕ್ಕಡಿ ಬಳಸಬಹುದು. ಪಾನಾದಲ್ಲಿ ಸ್ಕ್ರೂ ನಡುವಿನಿಂದ ಸರಿಯಾಗಿ 20 ಸೆಂ.ಮೀ. ದೂರಕ್ಕೆ ಗುರುತು ಹಾಕಿ, ಅಲ್ಲಿ ತಕ್ಕಡಿ ಕೊಕ್ಕೆ ಸಿಕ್ಕಿಸಿ, ಪಾನಾಕ್ಕೆ ನೇರ ಅಡ್ಡವಾಗಿ ಎಳೆಯಿರಿ.

* 70 ಇಂಚು-ಪೌಂಡ್ ಬೇಕಿದ್ದರೆ 20 ಸೆಂ.ಮೀ.ಗೆ 4 ಕೆ.ಜಿ.
* 72 ಇಂಚು-ಪೌಂಡ್‌ಗೆ 4.15 ಕೆ.ಜಿ.
* 10 ಅಡಿ-ಪೌಂಡ್‌ಗೆ 6.9 ಕೆ.ಜಿ.

ಸ್ಕ್ರೂ ಗೇರ್‌ಬಾಕ್ಸ್ ಪಕ್ಕದಲ್ಲಿದ್ದರೆ ಪಾನಾ ನೇರ ಕೆಳಮುಖ ಆಗಿರುವಾಗ ಅಡ್ಡ ಎಳೆಯಿರಿ. ಆಗ ಪಾನಾದ ಸ್ವಂತ ತೂಕ ಲೆಕ್ಕ ಕೆಡಿಸಲ್ಲ. ಇಂಚು-ಪೌಂಡ್ ಮತ್ತು ಅಡಿ-ಪೌಂಡ್ ಅದಲು ಬದಲು ಆಗದಂತೆ ಎರಡು ಸಲ ಓದಿ. ಹನ್ನೆರಡು ಪಟ್ಟು ವ್ಯತ್ಯಾಸ ಇದೆ, ಬ್ಯಾಂಡ್ ಮುರಿಯುತ್ತೆ.

ಕೆಲವು ಗೇರ್‌ಬಾಕ್ಸ್‌ಗಳ ಲೆಕ್ಕ ಹೀಗಿದೆ:

* ಅಲ್ಯೂಮಿನಿಯಂ ಪವರ್‌ಗ್ಲೈಡ್ (1962ರ ನಂತರದ್ದು), ಲೋ ಬ್ಯಾಂಡ್: 70 ಇಂಚು-ಪೌಂಡ್ ಬಿಗಿ ಮಾಡಿ 4 ಸುತ್ತು ಹಿಂದಕ್ಕೆ. ಹೊಸ ಬ್ಯಾಂಡ್ ಹಾಕಿ 6,000 ಮೈಲಿ ಓಡಿರದಿದ್ದರೆ 3 ಸುತ್ತು.
* ಫೋರ್ಡ್ ಸಿ-4: 10 ಅಡಿ-ಪೌಂಡ್ ಬಿಗಿ ಮಾಡಿ ಮಧ್ಯದ ಬ್ಯಾಂಡ್‌ಗೆ ಒಂದೂಮುಕ್ಕಾಲು ಸುತ್ತು, ಲೋ-ರಿವರ್ಸ್ ಬ್ಯಾಂಡ್‌ಗೆ 3 ಸುತ್ತು ಹಿಂದಕ್ಕೆ. ಲಾಕ್ ನಟ್ ಹೊಸದು ಹಾಕಬೇಕು.
* ಟಾರ್ಕ್‌ಫ್ಲೈಟ್: 72 ಇಂಚು-ಪೌಂಡ್. ಹಿಂದಕ್ಕೆ ಬಿಡುವ ಸುತ್ತು ಮಾದರಿ, ಇಸವಿ ಮೇಲೆ ಬದಲಾಗುತ್ತೆ. ಪುಸ್ತಕ ನೋಡದೆ ಮುಟ್ಟಬೇಡಿ. ಹಿಂದಿನ ಬ್ಯಾಂಡ್ ಸ್ಕ್ರೂ ಚೇಂಬರ್ ಒಳಗಿದೆ.
* ಬೋರ್ಗ್ ವಾರ್ನರ್ 35: ಹಿಂದಿನ ಬ್ಯಾಂಡ್ ಹೊರಗಿನಿಂದಲೇ, 10 ಅಡಿ-ಪೌಂಡ್ ಬಿಗಿ ಮಾಡಿ 1 ಸುತ್ತು ಹಿಂದಕ್ಕೆ. ಮುಂದಿನ ಬ್ಯಾಂಡ್‌ಗೆ ಚೇಂಬರ್ ಇಳಿಸಬೇಕು. ಪಿಸ್ಟನ್ ಮತ್ತು ಸ್ಕ್ರೂ ನಡುವೆ ಕಾಲಿಂಚಿನ ಗೇಜ್ ಇಟ್ಟು 10 ಇಂಚು-ಪೌಂಡ್ ಮಾತ್ರ ಬಿಗಿ. ಕಂಪನಿ ಗೇಜ್ ಬದಲಿಗೆ ಕಾಲಿಂಚು ಡ್ರಿಲ್ ಬಿಟ್ಟಿನ ಹಿಡಿ ಭಾಗ ನಡೆಯುತ್ತೆ. ಇಷ್ಟು ಸಣ್ಣ ಬಲಕ್ಕೆ 10 ಸೆಂ.ಮೀ. ದೂರದಲ್ಲಿ 1.15 ಕೆ.ಜಿ. ಸಾಕು.

ಮರ್ಸಿಡಿಸ್ 123ರಲ್ಲಿ ಹೀಗೆ ಹೊರಗಿನಿಂದ ತಿರುಗಿಸುವ ಬ್ಯಾಂಡ್ ಸ್ಕ್ರೂ ಇಲ್ಲ. ಹುಡುಕಬೇಡಿ.

ಸುತ್ತು ಎಣಿಸುವಾಗ ಸ್ಕ್ರೂ ತಲೆಗೂ ಗೇರ್‌ಬಾಕ್ಸ್ ಮೈಗೂ ವೈಟ್ನರ್‌ನಲ್ಲಿ ಒಂದೇ ಗೆರೆ ಎಳೆಯಿರಿ. ಲಾಕ್ ನಟ್ ಬಿಗಿ ಮಾಡಿದ ಮೇಲೂ ಗೆರೆ ಜರುಗಿರಬಾರದು. ಜರುಗಿದ್ದರೆ ಮೊದಲಿಂದ ಮಾಡಿ. ಬಿಗಿ ಮಾಡುವಾಗ ಸ್ಕ್ರೂ ಎಲ್ಲೂ ನಿಲ್ಲದೆ ಒಳಗೆ ಹೋಗುತ್ತಲೇ ಇದ್ದರೆ ಬ್ಯಾಂಡ್ ಮುರಿದಿದೆ ಅಥವಾ ಜಾಗ ಬಿಟ್ಟಿದೆ. ಅಲ್ಲಿಗೆ ನಿಲ್ಲಿಸಿ.

ಚೇಂಬರ್ ಇಳಿಸಿದವರು ಗ್ಯಾಸ್ಕೆಟ್ ಶೀಟ್ ತಂದು ಹಳೇದರ ಅಚ್ಚಿನಲ್ಲಿ ಕತ್ತರಿಸಬಹುದು. ಗಮ್ ಪೇಸ್ಟ್ ಮೆತ್ತಬೇಡಿ. ಒಳಗೆ ಹಿಂಡಿಕೊಂಡ ಚೂರು ಉದುರಿ ಫಿಲ್ಟರ್ ಕಟ್ಟುತ್ತೆ.

ಪ್ರೆಶರ್ ಗೇಜ್ ಹಾಕುವವರಿಗೆ

ಎಲ್ಲಾ ಸರಿ ಇದ್ದೂ ಜಾರುತ್ತಿದ್ದರೆ ಆಯಿಲ್ ಪ್ರೆಶರ್ ಅಳೆಯಬೇಕು. 300 ಪಿಎಸ್‌ಐ ಹೈಡ್ರಾಲಿಕ್ ಗೇಜ್, ಉದ್ದದ ಪೈಪ್ ಪೀಣ್ಯ ಕಡೆ ಸಿಗುತ್ತೆ. ಗೇಜನ್ನು ಗಾಡಿ ಒಳಗೆ, ಕಣ್ಣಿಗೆ ಕಾಣುವ ಹಾಗೆ ತಂದಿಡಿ. ಆದರೆ ಥ್ರೆಡ್ ನೋಡಿ: ಅಮೆರಿಕದ ಗೇರ್‌ಬಾಕ್ಸ್‌ಗಳಲ್ಲಿ ಸಾಮಾನ್ಯವಾಗಿ ಇರುವ 1/8 ಎನ್‌ಪಿಟಿಗೆ ಇಂಚಿಗೆ 27 ಎಳೆ. ನಮ್ಮಲ್ಲಿ ಹೆಚ್ಚು ನಡೆಯುವ 1/8 ಬಿಎಸ್‌ಪಿಗೆ 28. ಕಣ್ಣಿಗೆ ಎರಡೂ ಒಂದೇ, ಎರಡು ಸುತ್ತು ಕೂರುತ್ತೆ ಕೂಡ. ಆಮೇಲೆ ಒತ್ತಾಯ ಮಾಡಿದರೆ ಅಲ್ಯೂಮಿನಿಯಂ ಮೈ ಥ್ರೆಡ್ ಕಿತ್ತು ಬರುತ್ತೆ. ಗೇರ್‌ಬಾಕ್ಸಿನಿಂದ ತೆಗೆದ ಪ್ಲಗ್ಗನ್ನೇ ಲೇತ್ ಅಂಗಡಿಗೆ ಒಯ್ದು ಅದರ ಅಳತೆಗೆ ಅಡಾಪ್ಟರ್ ಮಾಡಿಸಿ.

ಬ್ರೇಕ್ ತುಳಿದು ಫುಲ್ ಆಕ್ಸಿಲರೇಟರ್ ಕೊಡುವ ‘ಸ್ಟಾಲ್ ಟೆಸ್ಟ್’ ಹಳೇ ಗಾಡಿಗೆ ಬೇಡ. ಕೆಲವೇ ಸೆಕೆಂಡಿನಲ್ಲಿ ಆಯಿಲ್ ಕುದಿಯುತ್ತೆ, ಬ್ರೇಕ್ ಜಾರಿದರೆ ಗಾಡಿ ಎದುರಿನ ಗೋಡೆಗೆ ಹೋಗುತ್ತೆ.

ಓಡಿಸಿ ನೋಡುವುದು

ಭಾನುವಾರ ಬೆಳಗ್ಗೆ ಆರಕ್ಕೆ ಮುಂಚೆ ರಸ್ತೆ ಖಾಲಿ ಇರುವಾಗ ನೋಡಿ. ಮಾಗಡಿ ರಸ್ತೆಯ ಸಂಜೆ ಟ್ರಾಫಿಕ್‌ನಲ್ಲಿ ಪರೀಕ್ಷೆ ಮಾಡಿದರೆ ಗೇರ್‌ಬಾಕ್ಸ್ ಬಿಸಿಯಾಗೋದು ಬಿಟ್ಟು ಏನೂ ತಿಳಿಯಲ್ಲ. ಮೊದಲು ಮನೆ ಸುತ್ತ ಒಂದು ಸುತ್ತು, ನಿಲ್ಲಿಸಿ ಕೆಳಗೆ ಸೋರಿಕೆ ನೋಡಿ. ಆಮೇಲೆ ಹತ್ತು ಕಿಲೋಮೀಟರ್. ಹಗುರ ಕಾಲಿನಲ್ಲಿ ಯಾವ ಸ್ಪೀಡಿಗೆ ಗೇರ್ ಬದಲಾಯ್ತು, ಅರ್ಧ ಒತ್ತಿದಾಗ ಯಾವ ಸ್ಪೀಡಿಗೆ ಅಂತ ಪಕ್ಕದವರು ಬರೆದುಕೊಳ್ಳಲಿ. ಹೆಚ್ಚು ಒತ್ತಿದಷ್ಟೂ ಗೇರ್ ತಡವಾಗಿ ಬದಲಾಗಬೇಕು. ವಾಪಸ್ ಬಂದು ಬಿಸಿ ಇರುವಾಗಲೇ ಆಯಿಲ್ ಮತ್ತೆ ನೋಡಿ.

ಎಲ್ಲಿ ನಿಲ್ಲಿಸಬೇಕು

ಸೀದ ವಾಸನೆ, ಚೇಂಬರ್‌ನಲ್ಲಿ ಹೊಳೆಯುವ ಲೋಹದ ಚೂರು, ಎಲ್ಲಾ ಗೇರಿನಲ್ಲೂ ಜಾರಿಕೆ, ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಕಡೆ ಆಯಿಲ್ ಸೋರಿಕೆ: ಈ ನಾಲ್ಕರಲ್ಲಿ ಒಂದಿದ್ದರೂ ಅಡ್ಜಸ್ಟ್‌ಮೆಂಟ್ ಪ್ರಯೋಜನ ಇಲ್ಲ. ಗೇರ್‌ಬಾಕ್ಸ್ ಇಳಿಸಲೇಬೇಕು. ಆಗಲೂ ಗುಜರಿಗೆ ಕೊಡುವ ಮೊದಲು ನಿಮ್ಮ ನೋಟ್‌ಬುಕ್ ಹಿಡಿದು ಗೊತ್ತಿರುವವರನ್ನು ಕೇಳಿ. ಯಾವ ಹಂತದಲ್ಲಿ ಏನು ಕಂಡಿತು ಅಂತ ಬರೆದಿಟ್ಟ ಗಾಡಿಯನ್ನು ರಿಪೇರಿ ಮಾಡುವವರಿಗೆ ಅರ್ಧ ಕೆಲಸ ಮುಗಿದಂತೆ.

ಹಳೇ ಆಯಿಲ್ ಚರಂಡಿಗೆ ಬೇಡ

ಈ ಭಾಗದ ಚರಂಡಿ, ರಾಜಕಾಲುವೆಗಳ ನೀರು ಹೆಚ್ಚಾಗಿ ಸೇರುವುದು ವೃಷಭಾವತಿಗೆ. ಕೆಂಗೇರಿ ದಾಟಿ ಅದು ಹಳ್ಳಿಗಳ ಹೊಲದ ಪಕ್ಕ ಹರಿಯುತ್ತೆ. ತೆಗೆದ ಎಟಿಎಫ್ ಅನ್ನು ಡಬ್ಬದಲ್ಲೇ ತುಂಬಿಟ್ಟು, ಅಧಿಕೃತವಾಗಿ ಹಳೇ ಆಯಿಲ್ ಕೊಳ್ಳುವವರಿಗೆ ಕೊಡುವ ಗ್ಯಾರೇಜಿಗೆ ತಲುಪಿಸಿ.

ರಿಜಿಸ್ಟ್ರೇಷನ್ ಬಗ್ಗೆ

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಂದ ನಿಯಮದ ಪ್ರಕಾರ, ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಬಾಡಿಗೆಗಲ್ಲದ ಕಾರು, ಬೈಕ್ ‘ವಿಂಟೇಜ್’ ಅನ್ನಿಸಿಕೊಳ್ಳುತ್ತೆ. ಹೊಸದಾಗಿ ಹಾಗೆ ನೋಂದಾಯಿಸಲು ಶುಲ್ಕ 20,000 ರೂಪಾಯಿ, 10 ವರ್ಷ ಚಾಲ್ತಿ, ನವೀಕರಣಕ್ಕೆ 5,000 ರೂಪಾಯಿ. ನಂಬರ್ ಪ್ಲೇಟ್‌ನಲ್ಲಿ ರಾಜ್ಯದ ಅಕ್ಷರದ ಮುಂದೆ ‘ವಿಎ’ ಬರುತ್ತೆ. ಈ ಗಾಡಿಗಳನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ರಸ್ತೆಗಿಳಿಸಬಹುದು. ದಿನಾ ಓಡಾಡಲು, ಬಾಡಿಗೆಗೆ ಬಿಡಲು ಅವಕಾಶ ಇಲ್ಲ. ‘ಮೂಲ ರೂಪ’ ಅನ್ನೋ ಮಾತು ಇಲ್ಲಿ ಮುಖ್ಯ. ಆಟೊಮ್ಯಾಟಿಕ್ ತೊಂದರೆ ಕೊಡುತ್ತೆ ಅಂತ ಬೇರೆ ಗಾಡಿಯ ಕ್ಲಚ್ ಗೇರ್‌ಬಾಕ್ಸ್ ಕೂರಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ರಾಜಾಜಿನಗರದ ಕೆಎ-02, ಜ್ಞಾನಭಾರತಿಯ ಕೆಎ-41 ಕಚೇರಿಗಳು ಈ ಭಾಗಕ್ಕೆ ಸೇರಿವೆ.

ಮೊದಲ ಆರು ಹಂತಗಳಿಗೆ ಒಂದು ಭಾನುವಾರ ಸಾಕು. ಅಷ್ಟು ನೋಡದೆ ಗೇರ್‌ಬಾಕ್ಸ್ ಹೋಗಿದೆ ಅನ್ನುವ ಮಾತಿಗೆ ಒಪ್ಪಿ ಗಾಡಿ ಕೊಟ್ಟುಬಿಡಬೇಡಿ.